ಹಬ್ಬದ ದಿನ ಕೌಂಟರ್‌ನಲ್ಲಿ ಯಾರು ನಿಲ್ಲೋದು?

📍 1/7

ಫ್ರೆಂಡ್ಸ್, ಪ್ಲೇಸ್‌ಮೆಂಟ್ ಸೀಸನ್ ಹತ್ತಿರ ಬಂತು. ಕ್ಲಾಸ್ ಗ್ರೂಪಲ್ಲಿ ಈಗ ಎಲ್ಲರದ್ದೂ ಒಂದೇ ಮಾತು: ಪ್ಯಾಕೇಜ್ ಎಷ್ಟು? ಬೆಂಗಳೂರಾ, ಮಂಗಳೂರಾ? ಬಾಂಡ್ ಉಂಟಾ? ಇದನ್ನೆಲ್ಲ ಕೇಳ್ಬೇಕು, ಸರಿ. ಆದ್ರೆ ಇನ್ನೊಂದು ಪ್ರಶ್ನೆ ಉಂಟು, ಅದನ್ನು ನಾವು ಯಾರೂ ಕೇಳೋದಿಲ್ಲ. "ನಿಮ್ಮಲ್ಲಿ ಹಬ್ಬದ ರಜೆ ಹೇಗೆ ಕೊಡ್ತೀರಿ?"

ಚಿಕ್ಕ ಪ್ರಶ್ನೆ ಅಂತ ಅನಿಸ್ಬಹುದು. ನನಗೆ ಹಾಗೆ ಅನಿಸೋದಿಲ್ಲ. ಕಂಪನಿಯವರು ದೀಪಾವಳಿಗೆ ಕುರ್ತಾ ಹಾಕಿ, ಕ್ರಿಸ್ಮಸ್‌ಗೆ ಕೆಂಪು ಟೋಪಿ ಹಾಕಿ ಫೋಟೋ ಬಿಡ್ತಾರೆ. ಕೆಳಗೆ "ನಮ್ಮದು ವೈವಿಧ್ಯದ ಕುಟುಂಬ" ಅಂತ ಬರೀತಾರೆ. ಫೋಟೋ ಚಂದವೇ. ಆದ್ರೆ ಆ ಕುಟುಂಬದಲ್ಲಿ ಎಲ್ಲರಿಗೂ ಒಂದೇ ಲೆಕ್ಕವಾ ಅಂತ ನೋಡ್ಬೇಕಾದ್ರೆ ಶಿಫ್ಟ್ ಪಟ್ಟಿ ನೋಡ್ಬೇಕು. ಯಾರ ಹಬ್ಬಕ್ಕೆ ಆಫೀಸ್ ಬಂದ್, ಯಾರು ತಮ್ಮ ಹಬ್ಬಕ್ಕೆ "ಹೊಟ್ಟೆನೋವು" ಅಂತ ಸುಳ್ಳು ಹೇಳಿ ರಜೆ ಹಾಕ್ತಾರೆ ಅನ್ನೋದೆಲ್ಲ ಅಲ್ಲಿ ಕಾಣ್ತದೆ.

ಧರ್ಮ, ಸಂಸ್ಕೃತಿ, ಕೆಲಸ. ಈ ಮೂರರ ಬಗ್ಗೆ ಏಳು ಪೋಸ್ಟ್. ನಮ್ಮ ಊರಿಂದಲೇ ಶುರು ಮಾಡುವ.

📍 2/7 ಹೆಂಚಿನ ಕಥೆ

ನಮ್ಮ ಊರಲ್ಲಿ ಧರ್ಮ ಮತ್ತು ಉದ್ಯೋಗದ ಸಂಬಂಧ ಇವತ್ತು ನಿನ್ನೆಯದ್ದಲ್ಲ. 1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದ್ರು. ಕ್ರೈಸ್ತರಾದವರಲ್ಲಿ ತುಂಬಾ ಜನ ಬಿಲ್ಲವರು. ಕೆಲವರದ್ದು ಶೇಂದಿ ತೆಗೆಯೋ ಕುಲಕಸುಬು, ಮಿಷನ್‌ಗೆ ಅದು ಒಪ್ಪಿಗೆ ಇಲ್ಲ. ಅದರ ಮೇಲೆ ಜಾತಿಯವರು, ಮನೆಯವರು ದೂರ ಮಾಡಿದ್ರು. ಧರ್ಮ ಬದಲಾದ ದಿನವೇ ಅನ್ನದ ದಾರಿಯೂ ಹೋಯ್ತು.

ಹಾಗಾಗಿ ಮಿಷನ್‌ನವರು ಕೆಲಸವನ್ನೇ ಸೃಷ್ಟಿ ಮಾಡ್ಬೇಕಾಯ್ತು. ಮೊದಲು ನೇಯ್ಗೆ, ಮುದ್ರಣ. ಆಮೇಲೆ 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಶುರು ಮಾಡಿದ ಹೆಂಚಿನ ಕಾರ್ಖಾನೆ. ನೇತ್ರಾವತಿ ಬದಿಯ ಆವೆಮಣ್ಣು, ಯಂತ್ರದ ಅಚ್ಚು. "ಮಂಗಳೂರು ಹೆಂಚು" ಹೆಸರು ದೇಶ ದಾಟಿ ಹೋಯ್ತು.

ಬಿಕಾಂ ಕಣ್ಣಲ್ಲಿ ಇದನ್ನು ನೋಡಿ. ಧಣಿಯ ಧರ್ಮವೇ ಕೆಲಸದ ನಿಯಮ ಆಯ್ತು: ಗಂಟೆ ಹೊಡೆದಾಗ ಹಾಜರಿ, ಪ್ರಾರ್ಥನೆ, ಭಾನುವಾರ ರಜೆ, ಕುಡಿತ ಬಂದ್. ಕೆಲಸದವರಿಗೆ ಖಚಿತ ಕೂಲಿ ಸಿಕ್ಕಿತು, ಬೇರೆ ಬೇರೆ ಜಾತಿಯಿಂದ ಬಂದವರು ಒಟ್ಟಿಗೆ ಕೂತು ದುಡಿಯೋ ಜಾಗ ಸಿಕ್ಕಿತು. ಆ ಕಾಲಕ್ಕೆ ಅದು ದೊಡ್ಡ ಮಾತು. ಆದ್ರೆ ಕೆಲಸ, ನಂಬಿಕೆ ಎರಡೂ ಒಬ್ಬರದೇ ಕೈಯಲ್ಲಿದ್ರೆ ಕೆಲಸದವನಿಗೆ "ಇಲ್ಲ" ಹೇಳೋ ಧೈರ್ಯ ಎಲ್ಲಿಂದ ಬರ್ಬೇಕು?

ಬೇಡಿಕೆ ಹೆಚ್ಚಿದ ಹಾಗೆ ಸಭೆಯವರು ಮಾತ್ರ ಸಾಕಾಗ್ಲಿಲ್ಲ, ಬೇರೆ ಧರ್ಮದವರನ್ನೂ ತಗೊಂಡ್ರು. ನಮ್ಮ ದೇವಸ್ಥಾನ, ಮಸೀದಿ, ಇಗರ್ಜಿಗಳ ಮೇಲೆ ಒಂದೇ ನಮೂನೆಯ ಹೆಂಚು ಕೂತದ್ದು ಹಾಗೆ ಬೆಳೆದ ಉದ್ಯಮದಿಂದ.

📍 3/7 "ನಮ್ಮವನಾ?"

ಎರಡನೇ ಕಥೆ ಬ್ಯಾಂಕಿನದ್ದು. 1906ರಲ್ಲಿ ಮಂಗಳೂರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಶುರು ಮಾಡಿದ್ರು, ಅದೇ ಇವತ್ತಿನ ಕೆನರಾ ಬ್ಯಾಂಕ್. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಹುಟ್ಟಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯ್ತು. 1931ರಲ್ಲಿ ಎ.ಬಿ. ಶೆಟ್ಟರು ಮತ್ತು ಇತರ ಬಂಟರು ಸೇರಿ ವಿಜಯಾ ಬ್ಯಾಂಕ್ ಕಟ್ಟಿದ್ರು. ಒಂದು ಪುಟ್ಟ ಜಿಲ್ಲೆಯಲ್ಲಿ ಇಷ್ಟು ಬ್ಯಾಂಕ್ ಹೇಗೆ ಹುಟ್ಟಿತು ಅಂದ್ರೆ ದೊಡ್ಡ ಉತ್ತರ ನಂಬಿಕೆ. ಸಮುದಾಯದೊಳಗೆ ಒಬ್ಬರಿಗೊಬ್ಬರು ಗೊತ್ತು. ಸಾಲ ತಗೊಂಡವ ಓಡಿ ಹೋದ್ರೆ ಮನೆತನದ ಮರ್ಯಾದೆ ಹೋಗ್ತದೆ.

ಇದರಲ್ಲಿ ಒಳ್ಳೆಯದು ಉಂಟು. ಪರಿಚಯದಿಂದ ಕೆಲಸ ಸಿಕ್ಕಿದವ "ಮಾವನ ಹೆಸರು ಹಾಳು ಮಾಡ್ಬಾರ್ದು" ಅಂತ ಚೆನ್ನಾಗಿ ದುಡೀತಾನೆ. ಇದೂ ಒಂದು ಪ್ರೇರಣೆಯೇ. ಆದ್ರೆ ಆ ಜಾಲದೊಳಗೆ ಮಾವ ಇಲ್ಲದವ ಎಂತ ಮಾಡ್ಬೇಕು?

1969ರಲ್ಲಿ ಕೆನರಾ, 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ರಾಷ್ಟ್ರೀಕರಣ ಆದವು. ಪರೀಕ್ಷೆ ಬಂತು, ಮೀಸಲಾತಿ ಬಂತು. ಪರಿಚಯ ಇಲ್ಲದ ಮನೆಯ ಮಕ್ಕಳೂ ಕೌಂಟರ್‌ನ ಒಳಗಿನ ಕುರ್ಚಿಯಲ್ಲಿ ಕೂತರು. ನಮ್ಮ ಕ್ಲಾಸಲ್ಲೇ ಎಷ್ಟು ಜನರ ಅಪ್ಪ ಅಮ್ಮ ಹಾಗೆ ಬ್ಯಾಂಕ್ ಸೇರಿದವರು ಅಂತ ಒಮ್ಮೆ ಕೇಳಿ ನೋಡಿ.

ಅಂಗಡಿ, ಆಫೀಸು, ಗೋಡೌನ್‌ಗಳಲ್ಲಿ ಹಳೆ ಪದ್ಧತಿ ಈಗಲೂ ನಡೀತದೆ. ಬಯೋಡೇಟಾ ನೋಡುವ ಮೊದಲೇ "ಯಾವ ಕಡೆಯವರು? ಸರ್‌ನೇಮ್ ಎಂತ?" ನಮ್ಮೂರಲ್ಲಿ ಸರ್‌ನೇಮ್ ಕೇಳಿದ್ರೆ ಜಾತಿ, ಧರ್ಮ, ಮನೆಭಾಷೆ ಮೂರೂ ಗೊತ್ತಾಯ್ತು ಮಾರಾಯ್ರೆ.

📍 4/7 ಕ್ಯಾಲೆಂಡರ್ ಯಾರದ್ದು?

"ಕೆಲಸದ ಜಾಗಕ್ಕೆ ಧರ್ಮ ತರಬೇಡಿ, ಎಲ್ಲರಿಗೂ ಒಂದೇ ರೂಲ್ ಇಡಿ." ಈ ಮಾತು ಹೇಳುವವರಲ್ಲಿ ಒಳ್ಳೆ ಮನಸ್ಸಿನವರೇ ಹೆಚ್ಚು. ಆದ್ರೆ ಒಂದೇ ರೂಲ್ ಅಂದ್ರೆ ಯಾರ ರೂಲ್?

ಭಾನುವಾರವನ್ನೇ ತಗೊಳ್ಳಿ. ಈಗ ಅದು ಯಾವ ಧರ್ಮದ್ದೂ ಅಲ್ಲ ಅನ್ನೋ ಹಾಗೆ ಕಾಣ್ತದೆ. ಬ್ರಿಟಿಷರಿಗೆ ಅದು ಇಗರ್ಜಿಯ ದಿನ. ಮುಂಬೈ ಗಿರಣಿ ಕೆಲಸಗಾರರಿಗೆ ವಾರಕ್ಕೊಂದು ರಜೆ ಬೇಕು ಅಂತ ವರ್ಷಗಟ್ಟಲೆ ಹೋರಾಡಿದವರು ನಾರಾಯಣ ಮೇಘಾಜಿ ಲೋಖಂಡೆ. ಭಾನುವಾರ ಖಂಡೋಬನ ದಿನವೂ ಹೌದು ಅನ್ನೋದು ಅವರ ವಾದಗಳಲ್ಲಿ ಒಂದು. 1890ರಲ್ಲಿ ರಜೆ ಸಿಕ್ಕಿತು. ನಾವು ಈಗ ಮಲಗಿ ರೀಲ್ಸ್ ನೋಡುವ ಭಾನುವಾರ ಹಾಗೆ ಬಂದದ್ದು.

ನಮ್ಮ ರಾಜ್ಯದ ಕಾನೂನು ನೋಡಿ. 1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ ರಾಷ್ಟ್ರೀಯ ಮತ್ತು ಹಬ್ಬದ ರಜಾ ಕಾಯ್ದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ. ಅದರ ಮೇಲೆ ಐದು ಹಬ್ಬದ ರಜೆ. ಆ ಐದು ಯಾವುದು ಅಂತ ನಿರ್ಧಾರ ಮಾಡುವಾಗ ಕೆಲಸಗಾರರ ಹತ್ತಿರವೂ ಕೇಳ್ಬೇಕು. ರಜೆಯ ದಿನ ಕೆಲಸ ಮಾಡಿಸಿದ್ರೆ ಎರಡು ಪಟ್ಟು ಕೂಲಿ, ಇಲ್ಲಾಂದ್ರೆ ಕೂಲಿಯ ಜೊತೆ ಬದಲಿ ರಜೆ.

ಈಗ ಮಂಗಳೂರಲ್ಲಿ ಐದು ಆರಿಸಿ ನೋಡುವ. ಚೌತಿ, ದೀಪಾವಳಿ, ದಸರಾ, ರಂಜಾನ್, ಬಕ್ರೀದ್, ಕ್ರಿಸ್ಮಸ್, ಗುಡ್ ಫ್ರೈಡೆ, ಸೆಪ್ಟೆಂಬರ್ 8ರ ಮೊಂತಿ ಫೆಸ್ಟ್, ಅಷ್ಟಮಿ... ಬೆರಳು ಮುಗೀತು. ಒಂದು ಧರ್ಮದೊಳಗೂ ಒಂದೇ ಪಟ್ಟಿ ಇಲ್ಲ. ಕೊಂಕಣಿಯವರಿಗೆ ಯುಗಾದಿ, ತುಳುವರಿಗೆ ಬಿಸು. ಮನೆಯಲ್ಲಿ ನೇಮ, ತಂಬಿಲ ಇದ್ರೆ ಅದು ಯಾವ ಹೆಡ್ ಆಫೀಸಿನ ಪಟ್ಟಿಯಲ್ಲೂ ಬರೋದಿಲ್ಲ. ಬೆಂಗಳೂರಿನ ಎಚ್‌ಆರ್‌ಗೆ "ಕುಟುಂಬದ ದೈವದ ನೇಮ" ಅಂತ ಮೇಲ್ ಹಾಕಿದ್ರೆ ಅವರು ಅದನ್ನು ಯಾವ ಕಾಲಮ್‌ಗೆ ಹಾಕ್ಬೇಕು, ಪಾಪ!

📍 5/7 ಪುಸ್ತಕದ ಹರ್ಜ್‌ಬರ್ಗ್, ಕೌಂಟರ್‌ನ ಹರ್ಜ್‌ಬರ್ಗ್

ನಮ್ಮ ಸಿಲಬಸ್‌ನ ಫ್ರೆಡರಿಕ್ ಹರ್ಜ್‌ಬರ್ಗ್ ನೆನಪುಂಟಾ? 1959ರ ಎರಡು ಅಂಶಗಳ ಸಿದ್ಧಾಂತ. ಸಂಬಳ, ನಿಯಮ, ಕೆಲಸದ ವಾತಾವರಣ ಚೆನ್ನಾಗಿದ್ದ ಮಾತ್ರಕ್ಕೆ ಉತ್ಸಾಹ ಬರೋದಿಲ್ಲ, ಆದ್ರೆ ಹಾಳಾದ್ರೆ ಮನಸ್ಸು ಕೆಡ್ತದೆ. ಉತ್ಸಾಹ ಬರೋದು ಮೆಚ್ಚುಗೆ, ಜವಾಬ್ದಾರಿ, ಬೆಳವಣಿಗೆಯಿಂದ. ಐದು ಮಾರ್ಕಿಗೆ ಬಾಯಿಪಾಠ ಮಾಡಿದ್ದೇವೆ.

ನನಗೆ ಅದು ಸರಿಯಾಗಿ ಅರ್ಥ ಆದದ್ದು ಒಂದು ಅಂಗಡಿಯಲ್ಲಿ ಸಂಜೆ ಪಾರ್ಟ್ ಟೈಂ ಬಿಲ್ಲಿಂಗ್ ಮಾಡುವಾಗ. ಹೆಸರು ಬೇಡ. ರಂಜಾನ್ ತಿಂಗಳು. ಉಪವಾಸ ಇದ್ದ ಒಬ್ಬ ಅಣ್ಣ ಇಫ್ತಾರ್‌ಗೆ ಹತ್ತು ನಿಮಿಷ ಕೇಳಿದ. "ರಶ್ ಟೈಮಲ್ಲಿ ಹೇಗೆ ಬಿಡೋದು" ಅಂತ ಸೂಪರ್‌ವೈಸರ್. ಅದೇ ಸೂಪರ್‌ವೈಸರ್ ಟೀ, ಸಿಗರೇಟಿಗೆ ಹೋದವರನ್ನು ಒಂದು ದಿನವೂ ಕೇಳಿದವರಲ್ಲ. ಕೊನೆಗೆ ನಾವು ಮೂವರು ಮಾತಾಡಿಕೊಂಡು ಅವನ ಕೌಂಟರ್ ನೋಡಿಕೊಂಡೆವು. ಚೌತಿಯ ದಿನ ಅವನೇ ಮುಂದೆ ಬಂದು ಡಬಲ್ ಶಿಫ್ಟ್ ತಗೊಂಡ. ಯಾರೂ ಕೇಳಿರ್ಲಿಲ್ಲ.

ಇದು ಮಂಗಳೂರಲ್ಲಿ ಹೊಸತೇನಲ್ಲ. ಆಸ್ಪತ್ರೆಯ ನರ್ಸ್, ಬಸ್ ಕಂಡಕ್ಟರ್, ಹೋಟೆಲಿನವರು ಯಾರನ್ನು ಕೇಳಿದ್ರೂ ಇಂಥ ಅದಲುಬದಲು ಹೇಳ್ತಾರೆ. ನನಗೆ ಅದರ ಬಗ್ಗೆ ಹೆಮ್ಮೆ ಉಂಟು. ಆದ್ರೆ ಒಂದು ತೊಂದರೆಯೂ ಉಂಟು. ನಾವು ಮೂವರು ಒಳ್ಳೆಯವರಾಗಿ ಇಲ್ಲದಿದ್ರೆ ಆ ಅಣ್ಣ ಎಂತ ಮಾಡ್ತಿದ್ದ? ಹಕ್ಕಾಗಿ ಸಿಗಬೇಕಾದ್ದು ಉಪಕಾರವಾಗಿ ಸಿಕ್ಕಿದ್ರೆ ತಗೊಂಡವ ಯಾವಾಗಲೂ ಋಣಿ. ಅವನು ಕೆಲಸ ಬಿಟ್ಟ, ಸಂಬಳ ಕಡಿಮೆ ಇರುವ ಕಡೆಗೇ ಹೋದ.

ಸ್ಟೇಸಿ ಆಡಮ್ಸ್‌ನ ಸಮಾನತೆಯ ಸಿದ್ಧಾಂತವೂ ಇದನ್ನೇ ಹೇಳ್ತದೆ. ಮನುಷ್ಯ ತನಗೆ ಎಷ್ಟು ಸಿಕ್ಕಿತು ಅಂತ ಮಾತ್ರ ನೋಡೋದಿಲ್ಲ, ಪಕ್ಕದವನಿಗೆ ಎಷ್ಟು ಸಿಕ್ಕಿತು ಅಂತಲೂ ನೋಡ್ತಾನೆ.

ಬೋನಸ್‌ನಲ್ಲೂ ಇದು ಉಂಟು. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡ್ಬೇಕು ಅಂತ ಕಾನೂನು, ಅಂದ್ರೆ ಮಾರ್ಚ್‌ನಿಂದ ನವೆಂಬರ್ ಕೊನೆ. ದೀಪಾವಳಿಗೆ ಸರಿಯಾಗಿ ಕೂರ್ತದೆ. ಕ್ರಿಸ್ಮಸ್ ಬರುವಾಗ ಹಣ ಖರ್ಚಾಗಿರ್ತದೆ. ಈದ್ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದೆ ಬರ್ತದೆ, ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯೋದಿಲ್ಲ. ಹಬ್ಬದ ಅಡ್ವಾನ್ಸ್ ಯಾವ ತಿಂಗಳಲ್ಲಿ ಬೇಕು ಅಂತ ಕೆಲಸಗಾರನೇ ಹೇಳಲಿ. ಕಂಪನಿಗೆ ದೊಡ್ಡ ನಷ್ಟ ಎಂತ ಇಲ್ಲ.

📍 6/7 ಬಾಗಿಲ ಹೊರಗೆ ಇರುವವರು

ರಜೆಯ ಮಾತು ಕೆಲಸ ಸಿಕ್ಕಿದವರಿಗೆ ಆಯ್ತು. ಸಿಗದವರು?

2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಒಂದು ಅಧ್ಯಯನ ಪ್ರಕಟ ಮಾಡಿದ್ರು. ಖಾಸಗಿ ಕಂಪನಿಗಳ ಜಾಹೀರಾತಿಗೆ ಒಂದೇ ಅರ್ಹತೆಯ ಅರ್ಜಿ ಕಳಿಸಿದ್ದು, ಹೆಸರು ಮಾತ್ರ ಬೇರೆ: ಮೇಲ್ಜಾತಿ ಹಿಂದೂ, ದಲಿತ, ಮುಸ್ಲಿಂ. ದಲಿತ ಮತ್ತು ಮುಸ್ಲಿಂ ಹೆಸರಿಗೆ ಕರೆ ಬರೋ ಸಾಧ್ಯತೆ ಕಡಿಮೆ ಆಯ್ತು. ಮಾರ್ಕ್ಸ್ ಕಾರ್ಡ್ ಒಂದೇ!

ಸಂವಿಧಾನದ 16ನೇ ವಿಧಿ ಧರ್ಮ, ಜಾತಿ ನೋಡಿ ತಾರತಮ್ಯ ಮಾಡ್ಬಾರ್ದು ಅಂತ ಹೇಳ್ತದೆ, ಆದ್ರೆ ಅದು ಸರ್ಕಾರಿ ಉದ್ಯೋಗಕ್ಕೆ. ನಾವು ಹೆಚ್ಚಿನವರು ಹೋಗೋದು ಖಾಸಗಿಗೆ. ಅಲ್ಲಿ ನಮ್ಮ ಹೆಸರು ಓದಿದವರ ಮನಸ್ಸಲ್ಲಿ ಎಂತ ಬಂತು ಅಂತ ಯಾರು ಕೇಳ್ತಾರೆ?

ಕೆಲವರು ಹೇಳ್ತಾರೆ: "ಒಂದೇ ಸಮುದಾಯದವರು ಇದ್ರೆ ಜಗಳ ಇಲ್ಲ, ಕೆಲಸ ಬೇಗ ಆಗ್ತದೆ." ಅರ್ಧ ನಿಜ. ಒಂದೇ ಥರದವರು ಬೇಗ ಒಪ್ತಾರೆ, ತಪ್ಪನ್ನೂ ಬೇಗ ಒಪ್ತಾರೆ. ಮತ್ತೆ ನಮ್ಮ ಗಿರಾಕಿ ಒಂದೇ ಸಮುದಾಯದವರಾ? ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳ ಎಲ್ಲ ಮಾತಾಡುವ ಊರಲ್ಲಿ ಒಂದೇ ಭಾಷೆಯ ಕೌಂಟರ್ ಇಟ್ಟವನಿಗೆ ವ್ಯಾಪಾರ ಗೊತ್ತಿಲ್ಲ ಅಂತ ಅರ್ಥ.

ಗಲ್ಫ್ ನೋಡಿ. ಯುಎಇಯಲ್ಲಿ 2022ರ ವರೆಗೆ ವಾರದ ರಜೆ ಶುಕ್ರವಾರ ಇತ್ತು. ನಮ್ಮೂರಿನ ಹಿಂದೂ, ಕ್ರೈಸ್ತ, ಮುಸ್ಲಿಂ ಎಲ್ಲರೂ ಅಲ್ಲಿ ಒಂದೇ ಕಂಪನಿ, ಒಂದೇ ರೂಮಲ್ಲಿ ಹೊಂದಿಕೊಂಡ್ರು. ಕ್ರೈಸ್ತರ ಬಲಿಪೂಜೆ ಕೂಡ ಶುಕ್ರವಾರಕ್ಕೆ ಬಂತು. ಅಲ್ಲಿ ಆಗ್ತದೆ ಅಂದ್ರೆ ಹಂಪನಕಟ್ಟೆಯಲ್ಲಿ ಯಾಕೆ ಆಗೋದಿಲ್ಲ?

📍 7/7 ಕೊನೆಯದು, ಮುಖ್ಯವಾದದ್ದು

ಹಂಪನಕಟ್ಟೆಯಲ್ಲಿ ಯಾಕೆ ಕಷ್ಟ ಅಂತ ನಮಗೆಲ್ಲ ಗೊತ್ತುಂಟು. ಬೇರೆ ಧರ್ಮದ ಸಹೋದ್ಯೋಗಿಯ ಜೊತೆ ಬಸ್ ಸ್ಟಾಪ್ ತನಕ ನಡೆಯುವಾಗ ಒಮ್ಮೆ ಹಿಂದೆ ತಿರುಗಿ ನೋಡುವ ಊರು ಇದು. ನೈತಿಕ ಪೊಲೀಸ್‌ಗಿರಿ ಅನ್ನೋ ಪದ ನಾವು ಶಾಲೆಯಲ್ಲಿ ಇರುವಾಗಲೇ ಕಲಿತದ್ದು. ಕೋಮು ಹಿಂಸೆ ತಡೀಲಿಕ್ಕೆ ಅಂತ 2025ರ ಜೂನ್‌ನಲ್ಲಿ ಸರ್ಕಾರ ವಿಶೇಷ ಕಾರ್ಯಪಡೆಯನ್ನೇ ಮಾಡ್ಬೇಕಾಯ್ತು. ಗಲಾಟೆಯ ದಿನ ಅಂಗಡಿ ಬಂದ್ ಆದ್ರೆ ದಿನಗೂಲಿಯವನಿಗೆ ಊಟ ಬಂದ್, ಅವನ ಧರ್ಮ ಯಾವುದಾದ್ರೂ ಸರಿ.

ಕೆಲಸದ ಜಾಗ ನನಗೆ ದೊಡ್ಡದಾಗಿ ಕಾಣೋದು ಇದಕ್ಕೇ. ಶಾಲೆ, ಬೀದಿ, ಸಂಘ ಎಲ್ಲ ಬೇರೆ ಬೇರೆ ಆಗ್ತಾ ಬಂತು. ದಿನಕ್ಕೆ ಎಂಟು ಗಂಟೆ ಬೇರೆಯವರ ಜೊತೆ ಒಂದೇ ಟಾರ್ಗೆಟ್, ಒಂದೇ ಬುತ್ತಿ, ಒಂದೇ ಬೈಗುಳ ಹಂಚಿಕೊಳ್ಳುವ ಜಾಗ ಅದೊಂದೇ ಉಳಿದಿರೋದು. ಅದನ್ನೂ "ನಮ್ಮವರು, ಅವರು" ಅಂತ ಮಾಡಿದ್ರೆ ಮತ್ತೆ ಎಲ್ಲಿ ಸೇರೋದು?

ಹಾಗಾಗಿ ಸಂದರ್ಶನದ ಕೊನೆಯಲ್ಲಿ "ನಿಮ್ಮದು ಏನಾದ್ರೂ ಪ್ರಶ್ನೆ ಉಂಟಾ?" ಅಂತ ಕೇಳಿದಾಗ ಸುಮ್ಮನೆ ತಲೆ ಅಲ್ಲಾಡಿಸಬೇಡಿ. ಇದನ್ನು ಕೇಳಿ:

✅ ಹಬ್ಬದ ರಜೆಯ ಪಟ್ಟಿ ಯಾರು ಮಾಡ್ತಾರೆ? ನಮ್ಮನ್ನು ಕೇಳ್ತಾರಾ?
✅ ಕೇಂದ್ರ ಸರ್ಕಾರಿ ನೌಕರರಿಗೆ ಇರುವ ಹಾಗೆ, ನಾವೇ ಆರಿಸುವ ಎರಡು ರಜೆ ಉಂಟಾ?
✅ ಶುಕ್ರವಾರ ಊಟದ ಸಮಯ ಅರ್ಧ ಗಂಟೆ ಹಿಂದೆ ಮುಂದೆ ಮಾಡ್ಬಹುದಾ?
✅ ಶಿಫ್ಟ್ ಬದಲಿಗೆ ಬರೆದ ನಿಯಮ ಉಂಟಾ, ಅಥವಾ ಸೂಪರ್‌ವೈಸರ್ ಮೂಡ್ ನೋಡ್ಬೇಕಾ?

ಒಬ್ಬರೇ ಕೇಳಿದ್ರೆ "ಇವನಿಗೆ ಈಗಲೇ ರಜೆಯ ಚಿಂತೆ" ಅಂತ ಹೇಳ್ಬಹುದು. ಅದಕ್ಕೇ ಎಲ್ಲರೂ ಕೇಳ್ಬೇಕು. ಮುಖ್ಯವಾಗಿ, ಯಾರ ಹಬ್ಬಕ್ಕೆ ಹೇಗೂ ರಜೆ ಸಿಗ್ತದೋ ಅವರು ಮೊದಲು ಕೇಳ್ಬೇಕು. ಅವರು ಕೇಳಿದ್ರೆ ಅದು ಧರ್ಮದ ಗಲಾಟೆ ಅಂತ ಯಾರೂ ಹೇಳೋದಿಲ್ಲ.

ನೀವು ಕೆಲಸ ಮಾಡಿದ ಕಡೆ ಹೇಗಿತ್ತು? ಕಮೆಂಟಲ್ಲಿ ಬರೀರಿ, ಅಂಗಡಿಯ ಹೆಸರು ಬೇಡ. ಜಗಳ ಮಾಡ್ಲಿಕ್ಕೆ ಬರುವವರು ಮೊದಲು ಏಳೂ ಭಾಗ ಓದಿ ಬನ್ನಿ 🙏

#ಮಂಗಳೂರು #ಬಿಕಾಂಬದುಕು #ಹಬ್ಬದರಜೆ #ಕುಡ್ಲ