ನೀರು ಎಲ್ಲಿಗೆ ಹೋಗುತ್ತಿತ್ತು?

ವಾರಕ್ಕೆ ಹೆಚ್ಚು ಕಡಿಮೆ ಅರ್ಧ ಲೀಟರ್. ಅಷ್ಟು ನೀರು ಕುಡಿಯುತ್ತಿತ್ತು ನಮ್ಮ ಕಾರು. ಬೆಳಿಗ್ಗೆ ಪಾರ್ಕಿಂಗ್‌ನಲ್ಲಿ ಬಗ್ಗಿ ನೋಡಿದರೆ ನೆಲದ ಮೇಲೆ ಒಂದು ಹನಿ ಇಲ್ಲ. ರೇಡಿಯೇಟರ್ ಒಣಗಿದೆ, ಹೋಸ್‌ಗಳೂ ಒಣಗಿವೆ. ಆದರೆ ಟ್ಯಾಂಕ್‌ನಲ್ಲಿ ಮಟ್ಟ ಮಾತ್ರ ಇಳಿದಿರುತ್ತಿತ್ತು. ಅಪ್ಪ ಹಾಸನದಲ್ಲಿ 14 ವರ್ಷ ಓಡಿಸಿ, ಕಣ್ಣಿನ ಆಪರೇಷನ್ ಆದ ಮೇಲೆ ನನ್ನ ಕೈಗೆ ಕೀ ಕೊಟ್ಟ ಹ್ಯಾಚ್‌ಬ್ಯಾಕ್ ಅದು. ಬೆಂಗಳೂರಿಗೆ ತಂದ ಮೂರನೇ ತಿಂಗಳಿಗೇ ಈ ಕಾಟ ಶುರುವಾಯ್ತು.

ಮೊದಲು ತೋರಿಸಿದ ಗ್ಯಾರೇಜ್‌ನವರು ಬಾನೆಟ್ ಎತ್ತಿ ಎರಡು ನಿಮಿಷ ನೋಡಿದರು. "ಹೆಡ್ ಗ್ಯಾಸ್ಕೆಟ್ ಹೋಗಿದೆ ಮೇಡಂ, ಎಂಜಿನ್ ಬಿಚ್ಬೇಕು. 28 ಸಾವಿರ ಆಗ್ಬಹುದು." ಕಾರು ಮಾರಿದರೆ ಬರುವುದೇ 70 ಸಾವಿರ. "ಗುಜರಿಗೆ ಹಾಕಿ ಇಎಂಐ ಮೇಲೆ ಹೊಸದು ತಗೋ" ಅಂತ ಆಫೀಸಿನಲ್ಲಿ ಎಲ್ಲರದ್ದೂ ಒಂದೇ ರಾಗ. ಅಪ್ಪನಿಗೆ ಹೇಳಲು ಮಾತ್ರ ಬಾಯಿ ಬರಲಿಲ್ಲ.

ಕೊನೆಗೆ ಒಬ್ಬ ವಯಸ್ಸಾದ ಮೆಕ್ಯಾನಿಕ್ ಸಿಕ್ಕರು. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯೋದು. ಅವರು ಬಾನೆಟ್ ಎತ್ತುವ ಮೊದಲೇ ಪ್ರಶ್ನೆ ಕೇಳಿದರು. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬರುತ್ತಾ? ಎಂಜಿನ್ ಬಿಸಿಯಾದ ಮೇಲೂ ಬರುತ್ತಾ? ಇಲ್ಲ. ಆಯಿಲ್ ಹಾಕುವ ಮುಚ್ಚಳ ತಾವೇ ಬಿಚ್ಚಿ ಬೆರಳಾಡಿಸಿದರು. ನೀರು ಆಯಿಲ್‌ಗೆ ಸೇರಿದ್ದರೆ ಅಲ್ಲಿ ಹಾಲು ಜಾಸ್ತಿಯಾದ ಕಾಫಿ ಬಣ್ಣದ ನೊರೆ ಕೂತಿರುತ್ತೆ. ನಮ್ಮದರಲ್ಲಿ ಮಾಮೂಲಿ ಕಪ್ಪು ಆಯಿಲ್. ಎಂಜಿನ್ ಇನ್ನೂ ತಣ್ಣಗಿದ್ದಾಗಲೇ ರೇಡಿಯೇಟರ್ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿಸಿದರು. ಗ್ಯಾಸ್ಕೆಟ್ ಹೋಗಿದ್ದರೆ ಸಾಮಾನ್ಯವಾಗಿ ಒಳಗಿಂದ ಗುಳ್ಳೆ ಮೇಲೆ ಮೇಲೆ ಬರುತ್ತೆ. ಅದೂ ಇಲ್ಲ. "ಹಾಗಾದ್ರೆ ನೀರು ಒಳಗೆ ಹೋಗ್ತಿಲ್ಲ, ಹೊರಗೇ ಹೋಗ್ತಿದೆ. ನಿಮಗೆ ಕಾಣಿಸ್ತಿಲ್ಲ ಅಷ್ಟೇ. ರಾತ್ರಿ ಗಾಡಿ ಇಲ್ಲೇ ಬಿಡಿ, ತಣ್ಣಗಾದ ಮೇಲೆ ನೋಡ್ತೀನಿ" ಅಂದರು.

ಮಾರನೇ ದಿನ ರೇಡಿಯೇಟರ್ ಬಾಯಿಗೆ ಸೈಕಲ್ ಪಂಪ್ ಥರದ ಒಂದು ಪ್ರೆಶರ್ ಟೆಸ್ಟರ್ ಕೂರಿಸಿದರು. ಎಂಜಿನ್ ಆಫ್. ಕ್ಯಾಪ್ ಮೇಲೆ 0.9 ಅಂತ ಬರೆದಿರುತ್ತಲ್ಲ, ಅಷ್ಟೇ ಬಾರ್ ಒತ್ತಡ ಕೊಟ್ಟು ಚಹಾ ಕುಡಿಯೋಕೆ ಹೋದೆವು. ವಾಪಸ್ ಬರುವಷ್ಟರಲ್ಲಿ ಮುಳ್ಳು ಇಳಿದಿತ್ತು. ಆಮೇಲೆ ಟಾರ್ಚ್ ಮತ್ತು ಉದ್ದ ಹಿಡಿಯ ಪುಟ್ಟ ಕನ್ನಡಿ ಹಿಡಿದು ಎಂಜಿನ್ ಹಿಂಭಾಗ ತೋರಿಸಿದರು. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಳಗೆ, ಹಳೆಯ ದೊಡ್ಡ ನಾಣ್ಯದಷ್ಟಿರುವ ಒಂದು ಬಿಲ್ಲೆ. ಅದರ ಅಂಚಿನಿಂದ ಕೆಳಗೆ ಕೆಂಪು ತುಕ್ಕಿನ ಗೆರೆ. ಗೆರೆಯ ಮೇಲೆ ಒಂದೊಂದೇ ಹನಿ ಮೂಡುತ್ತಿತ್ತು. ಗಾಡಿ ಓಡುವಾಗ ಈ ಹನಿ ಬಿಸಿ ಕಬ್ಬಿಣದ ಮೇಲೆ ಬಿದ್ದು ನೆಲ ಮುಟ್ಟುವ ಮೊದಲೇ ಆವಿಯಾಗುತ್ತಿತ್ತು. ಸಿಗ್ನಲ್‌ನಲ್ಲಿ ನಿಂತಾಗ ಆಗಾಗ ಸಿಹಿ ವಾಸನೆ ಬರುತ್ತಿತ್ತು. ನಾನು ಪಕ್ಕದ ಬೇಕರಿಯದ್ದು ಅಂದುಕೊಂಡಿದ್ದೆ! ಅದು ಕೂಲೆಂಟ್ ಸುಡುವ ವಾಸನೆ.

ಈ ಬಿಲ್ಲೆಗೆ ಇಂಟರ್ನೆಟ್‌ನಲ್ಲಿ ಫ್ರೀಜ್ ಪ್ಲಗ್ ಅಂತ ಹೆಸರು. ಭಾಯ್ ಅದನ್ನು ಡಮ್ಮಿ ಅಂದರು, ಸ್ಪೇರ್ಸ್ ಅಂಗಡಿಯವರು ಕೋರ್ ಪ್ಲಗ್ ಅಂದರು. ನಿಜವಾದ ಕಥೆ ಕೋರ್ ಅನ್ನುವುದರಲ್ಲೇ ಇದೆ. ಎಂಜಿನ್ ಬ್ಲಾಕ್ ಎರಕ ಹೊಯ್ದು ಮಾಡೋದು. ಒಳಗೆ ನೀರು ಓಡಾಡಲು ಟೊಳ್ಳು ಜಾಗ ಬೇಕಲ್ಲ, ಅದಕ್ಕೆ ಅಚ್ಚಿನೊಳಗೆ ಮರಳಿನ ತಿರುಳು ಇಟ್ಟು ಸುತ್ತ ಕಾದ ಲೋಹ ಸುರಿಯುತ್ತಾರೆ. ಆ ತಿರುಳನ್ನು ಹಿಡಿದು ನಿಲ್ಲಿಸಲು, ಆಮೇಲೆ ಮರಳನ್ನು ಹೊರಗೆ ಉದುರಿಸಲು ಬ್ಲಾಕ್‌ನಲ್ಲಿ ತೂತುಗಳು ಬೇಕೇ ಬೇಕು. ಕೆಲಸ ಮುಗಿದ ಮೇಲೆ ಆ ತೂತುಗಳಿಗೆ ಬಟ್ಟಲಿನಾಕಾರದ ತೆಳು ಮುಚ್ಚಳ ಬಡಿದು ಮುಚ್ಚುತ್ತಾರೆ. ಅಷ್ಟೇ. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತೆ, ಆಗ ಕೆಲವೊಮ್ಮೆ ಈ ಮುಚ್ಚಳ ಹಾರಿ ಹೊರಗೆ ಬರುತ್ತೆ. ಅದನ್ನು ನೋಡಿದ ಚಳಿದೇಶದವರು ಬ್ಲಾಕ್ ಸೀಳದಂತೆ ಕಾಪಾಡಲೆಂದೇ ಇದನ್ನು ಇಟ್ಟಿದ್ದಾರೆ ಅಂತ ನಂಬಿಬಿಟ್ಟರು. ಹಾಗೇನೂ ಗ್ಯಾರಂಟಿ ಇಲ್ಲ, ಮುಚ್ಚಳ ಕೂತಲ್ಲೇ ಕೂತು ಬ್ಲಾಕೇ ಸೀಳಿದ್ದೂ ಉಂಟು.

ನಮ್ಮೂರಲ್ಲಿ ಎಂಜಿನ್ ಹೆಪ್ಪುಗಟ್ಟುವ ಮಾತೇ ಇಲ್ಲ. ಇಲ್ಲಿ ಈ ಪ್ಲಗ್ ಸಾಯುವುದು ತುಕ್ಕಿನಿಂದ. ಬ್ಲಾಕ್ ದಪ್ಪ, ಪ್ಲಗ್ ತೆಳು ತಗಡು. ಎರಡೂ ಒಟ್ಟಿಗೆ ತುಕ್ಕು ಹಿಡಿದರೂ ಮೊದಲು ತೂತಾಗುವುದು ತಗಡೇ. ಕೂಲೆಂಟ್ ಅಂದರೆ ಚಳಿದೇಶದ ವಸ್ತು, ನಮಗೆ ನೀರು ಸಾಕು ಅಂತ ಬಹಳ ಜನ ಈಗಲೂ ಹೇಳ್ತಾರೆ. ಇದು ತಪ್ಪು ಅಂತ ನನಗೆ ಈಗ ಖಾತ್ರಿ. ಕೂಲೆಂಟ್‌ನಲ್ಲಿ ಗ್ಲೈಕಾಲ್ ಜೊತೆಗೆ ತುಕ್ಕು ತಡೆಯುವ ರಾಸಾಯನಿಕ ಇರುತ್ತೆ. ಅದೂ ವರ್ಷಗಳು ಕಳೆದಂತೆ ಸತ್ವ ಕಳೆದುಕೊಳ್ಳುತ್ತೆ, ಅದಕ್ಕೇ ಮ್ಯಾನ್ಯುಯಲ್‌ನಲ್ಲಿ ಇಂತಿಷ್ಟು ಕಿಲೋಮೀಟರ್‌ಗೆ ಬದಲಿಸಿ ಅಂತ ಬರೆದಿರೋದು. ಬೋರ್‌ವೆಲ್ ನೀರಿನ ಗಡಸು ಗೀಸರ್‌ಗೆ ಏನು ಮಾಡುತ್ತೆ ಗೊತ್ತಲ್ಲ? ಎಂಜಿನ್‌ಗೂ ಅದೇ.

ಇನ್ನೊಂದು ವಿಷಯ. ಬೆಂಗಳೂರಿನ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಕಾರಿನ ಕೂಲಿಂಗ್ ಕುಕ್ಕರ್ ಇದ್ದ ಹಾಗೆ, ಒತ್ತಡ ಹಿಡಿದಿಟ್ಟುಕೊಂಡಿರೋದರಿಂದಲೇ 110 ಡಿಗ್ರಿಯಲ್ಲೂ ಕುದಿಯಲ್ಲ. ಪ್ಲಗ್ ಸೋರಿದರೆ ಗ್ಯಾಸ್ಕೆಟ್ ಹೋದ ಕುಕ್ಕರ್ ಆಯ್ತು. ನೀರು ಕಮ್ಮಿಯಾಗಿ ಎಂಜಿನ್ ಕಾದರೆ ಹೆಡ್ ಸೊಟ್ಟಗಾಗುತ್ತೆ. ಆಗ ಆ 28 ಸಾವಿರದ ಬಿಲ್ ನಿಜವಾಗಿಯೂ ಬರುತ್ತೆ. ಹೈವೇಯಲ್ಲಿ ಟೆಂಪರೇಚರ್ ಮುಳ್ಳು ಏರಿದರೆ ಪಕ್ಕಕ್ಕೆ ಹಾಕಿ ಆಫ್ ಮಾಡಿ. ಬಿಸಿ ಇರುವಾಗ ಕ್ಯಾಪ್ ಮಾತ್ರ ಮುಟ್ಟಬೇಡಿ, ಮುಖ ಮೈ ಸುಟ್ಟುಕೊಳ್ತೀರಿ.

ರಿಪೇರಿ ನೋಡಲು ರಜೆ ಹಾಕಿದ್ದೆ. ಕೂಲೆಂಟ್ ಪೂರ್ತಿ ಇಳಿಸಿ, ಮ್ಯಾನಿಫೋಲ್ಡ್ ಬಿಚ್ಚಿದರು. ಇಳಿಸಿದ್ದನ್ನು ಡಬ್ಬಿಗೆ ತುಂಬಿ ಮುಚ್ಚಿಟ್ಟರು. ಅದು ಸಿಹಿ ಅಂತ ಬೀದಿನಾಯಿ ನೆಕ್ಕಿದರೆ ಸಾಯುತ್ತೆ, ಮೋರಿಗೂ ಚೆಲ್ಲಬಾರದು. ಪ್ಲಗ್ ತೆಗೆಯುವ ರೀತಿ ಮಜವಾಗಿದೆ. ಎಳೆಯಲು ಹಿಡಿಯೇ ಇಲ್ಲ. ಒಂದು ಅಂಚಿಗೆ ಪಂಚ್ ಇಟ್ಟು ಹೊಡೆದರೆ ಆ ಕಡೆ ಒಳಗೆ ಹೋಗಿ ಈ ಕಡೆ ಹೊರಗೆ ಬರುತ್ತೆ, ಪ್ಲಗ್ ಬಾಗಿಲಿನ ಹಾಗೆ ಅಡ್ಡ ತಿರುಗುತ್ತೆ. ಆಗ ಪ್ಲೈಯರ್‌ನಲ್ಲಿ ಹಿಡಿದು ಎಳೆಯೋದು. ಜೋರಾಗಿ ನಡುವಿಗೇ ಹೊಡೆದರೆ ಇಡೀ ಪ್ಲಗ್ ಬ್ಲಾಕ್ ಒಳಗೆ ಬೀಳುತ್ತೆ, ಆಮೇಲೆ ಅದನ್ನು ತೆಗೆಯೋದು ಬೇರೆಯೇ ರಾಮಾಯಣ. ಹಿಂದೆ ಕೂತಿದ್ದ ಕಂದು ಕೆಸರು ಒಂದು ಲೋಟದಷ್ಟು ಬಂತು.

ತೂತಿನ ಒಳಗೋಡೆಯನ್ನು ಎಮರಿ ಪೇಪರ್‌ನಲ್ಲಿ ಹೊಳೆಯುವ ತನಕ ಉಜ್ಜಿ, ವರ್ನಿಯರ್ ಹಿಡಿದು ಅಳತೆ ತಗೊಂಡರು. ಅರ್ಧ ಮಿಲಿಮೀಟರ್ ವ್ಯತ್ಯಾಸವಾದರೂ ಸೋರುತ್ತೆ. ಜೆ.ಸಿ. ರೋಡ್‌ಗೆ ನಾನೇ ಹೋಗಿ ಹಿತ್ತಾಳೆಯ ಪ್ಲಗ್ ತಂದೆ, ಉಕ್ಕಿನದಕ್ಕಿಂತ ಸ್ವಲ್ಪ ದುಬಾರಿ, ಆದರೆ ಕೆಂಪು ತುಕ್ಕು ಹಿಡಿಯಲ್ಲ. ಅಂಚಿಗೆ ತೆಳುವಾಗಿ ಸೀಲೆಂಟ್ ಸವರಿ, ಬಟ್ಟಲಿನ ಬಾಯಿ ಹೊರಮುಖವಾಗಿಟ್ಟು, ಒಳಗೆ ಸರಿಯಾಗಿ ಕೂರುವ ಸಾಕೆಟ್ ಇಟ್ಟು ನೇರವಾಗಿ ಬಡಿದರು. ಅಂಚು ಬ್ಲಾಕ್‌ನ ಮೈಗಿಂತ ಒಂದು ಚೂರು ಒಳಗೆ ಹೋದಾಗ ನಿಲ್ಲಿಸಿದರು. ವಾರೆಯಾದರೆ ತೆಗೆದು ಹೊಸದೇ ಹಾಕಬೇಕಂತೆ. ಒಂದು ಹೋಗಿದೆ ಅಂದರೆ ಉಳಿದವೂ ಅದೇ ವಯಸ್ಸಿನವು, ಹಾಗಾಗಿ ಕೈಗೆ ಸಿಗುವ ಮೂರನ್ನೂ ಬದಲಿಸಿದೆವು. ಹೊಸ ಕೂಲೆಂಟ್ ತುಂಬಿ, ಹೀಟರ್ ಫುಲ್ ಇಟ್ಟು ಗಾಳಿ ಹೊರಗೆ ಹೋಗುವ ತನಕ ಓಡಿಸಿ, ತಣ್ಣಗಾದ ಮೇಲೆ ಮತ್ತೆ ಪ್ರೆಶರ್ ಟೆಸ್ಟ್. ಮುಳ್ಳು ಅಲ್ಲಾಡಲಿಲ್ಲ. ಎಲ್ಲ ಸೇರಿ 4,600 ರೂಪಾಯಿ.

ವಿಡಿಯೋ ನೋಡಿ ಮನೆಯಲ್ಲೇ ಮಾಡಬಹುದಾ? ಪ್ಲಗ್ ಮುಂದುಗಡೆ ಇದ್ದು ಸುತ್ತಿಗೆ ಬೀಸಲು ಜಾಗ ಇದ್ದರೆ ಕೈ ಪಳಗಿದವರು ಮಾಡಬಹುದು. ನಾನಂತೂ ಮಾಡಲ್ಲ. ರೇಡಿಯೇಟರ್‌ಗೆ ಸುರಿಯುವ ಸೋರಿಕೆ ನಿಲ್ಲಿಸುವ ಪುಡಿ ಬೇಡವೇ ಬೇಡ ಅಂದರು ಭಾಯ್, ಅದು ಸಣ್ಣ ನಾಳಗಳನ್ನೂ ಕಟ್ಟಿಬಿಡಬಹುದು. ಗೇರ್‌ಬಾಕ್ಸ್ ಹಿಂದೆ ಇನ್ನೊಂದು ಪ್ಲಗ್ ಇದೆ, ಅದಕ್ಕಾಗಿ ಗೇರ್‌ಬಾಕ್ಸೇ ಇಳಿಸಬೇಕು. ಸೋರುತ್ತಿಲ್ಲ ಅಂತ ಸದ್ಯಕ್ಕೆ ಬಿಟ್ಟೆವು.

ಹಳೆಯ ಪ್ಲಗ್ ಒಂದನ್ನು ಹಾಸನಕ್ಕೆ ತಗೊಂಡು ಹೋದೆ. ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸೂಜಿ ಮೊನೆಯಷ್ಟು ತೂತಿನಿಂದ ಬಿಸಿಲು ಕಾಣುತ್ತಿತ್ತು. "ಪ್ರತಿ ಭಾನುವಾರ ತಪ್ಪದೇ ನೀರು ನೋಡ್ತಿದ್ದೆನಲ್ಲೇ?" ಅಂದರು. ನಮ್ಮ ಮನೆ ನೀರು ಯಾವುದು ಅಂತ ಇಬ್ಬರಿಗೂ ಗೊತ್ತು, ಹಿತ್ತಲ ಬೋರ್‌ವೆಲ್‌ದು. ನಾನು ಹೂಂ ಅಂದೆ ಅಷ್ಟೇ. ಸ್ವಲ್ಪ ಹೊತ್ತು ಬಿಲ್ಲೆಯನ್ನು ಉಗುರಿನಲ್ಲಿ ಕೆರೆಯುತ್ತಾ ಕೂತವರು, "ಎಲ್ಲ ಹಾಕಿಸಿದ್ಯಾ?" ಅಂತ ಕೇಳಿದರು. ಗೇರ್‌ಬಾಕ್ಸ್ ಹಿಂದಿನ ಕಥೆ ಹೇಳಿದೆ.

"ಕ್ಲಚ್ ಬದಲಾಯಿಸಿ ಆರು ವರ್ಷ ಆಯ್ತು. ಮುಂದಿನ ಸಲ ಕ್ಲಚ್‌ಗೆ ಅಂತ ಗೇರ್‌ಬಾಕ್ಸ್ ಇಳಿಸ್ತಾರಲ್ಲ, ಆಗ ಅದನ್ನೂ ಹಾಕಿಸಿಬಿಡು. ಮರೀಬೇಡ" ಅಂದರು.

ಫೋನ್‌ನಲ್ಲಿ ಬರೆದಿಟ್ಟುಕೊಂಡಿದ್ದೀನಿ.