ಚಪ್ಪಲಿ ಕೆಳಗಿಡಿ

ಸಿಡ್ನಿಯ ಉತ್ತರದ ಬಡಾವಣೆಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡದ ಅಣ್ಣಂದಿರೇ, ಅಕ್ಕಂದಿರೇ, ಕೈಯಲ್ಲಿರುವ ಚಪ್ಪಲಿಯನ್ನು ಒಂದು ನಿಮಿಷ ಕೆಳಗಿಡಿ.

ಮೊನ್ನೆ ಮಳೆ ಬಿಟ್ಟ ಬೆಳಿಗ್ಗೆ ಗೆಳೆಯರ ಮನೆಯ ಲಾಂಡ್ರಿಯಲ್ಲಿ ಫನಲ್-ವೆಬ್ ಜೇಡ ಕಾಣಿಸಿತು. ಎಣ್ಣೆ ಸವರಿದಂಥ ಕಪ್ಪು ಮೈ. ಪೊರಕೆ ತಾಗಿದ್ದೇ ತಡ, ಮುಂಗಾಲೆತ್ತಿ ಸೆಟೆದು ನಿಂತಿತು. ಹಲ್ಲಿನ ತುದಿಯಲ್ಲಿ ವಿಷದ ಹನಿ. ಮನೆಯಾಕೆ ಸ್ಪ್ರೇ ಡಬ್ಬಿ ಖಾಲಿ ಮಾಡಿದರು. ನಾನು ಸುಮ್ಮನೆ ನೋಡುತ್ತ ನಿಂತಿದ್ದೆ. ಆ ನಾಚಿಕೆ ಇದನ್ನು ಬರೆಸುತ್ತಿದೆ.

ಭಯ ಸುಳ್ಳಲ್ಲ. ಈ ಜೇಡದಲ್ಲಿ ಗಂಡಿನ ವಿಷವೇ ಹೆಚ್ಚು ಘೋರ. ಹಿಂದೆ 13 ಜನ ಸತ್ತ ದಾಖಲೆಯಿದೆ. ಆದರೆ 1981ರಲ್ಲಿ ಸ್ಟ್ರುವನ್ ಸದರ್ಲೆಂಡ್ ತಂಡದ ಪ್ರತಿವಿಷ ಬಂದ ಮೇಲೆ ಒಬ್ಬರೂ ಸತ್ತ ವರದಿಯಿಲ್ಲ. ಆ ಮದ್ದು ಎಲ್ಲಿಂದ ಬಂತು? ಇದೇ ಗಂಡು ಜೇಡದ ಹಲ್ಲಿನಿಂದ! ಊರ ಜನ ಹಿಡಿದು ಕೊಟ್ಟ ಜೇಡಗಳಿಂದ ಸಾಮರ್ಸ್‌ಬಿಯ ಆಸ್ಟ್ರೇಲಿಯನ್ ರೆಪ್ಟೈಲ್ ಪಾರ್ಕ್‌ನವರು ಗಾಜಿನ ನಳಿಗೆಯಲ್ಲಿ ವಿಷ ಹೀರಿ ತೆಗೆಯುತ್ತಾರೆ. ಅದನ್ನು ಮೊಲಗಳಿಗೆ ಚುಚ್ಚಿ, ಅವುಗಳ ರಕ್ತದಿಂದ ಮದ್ದು ತಯಾರಾಗುತ್ತದೆ. (ಮನುಷ್ಯನನ್ನೂ ಕೋತಿಯನ್ನೂ ಕೆಡವುವ ಈ ವಿಷ ಮೊಲಕ್ಕೆ ಅಷ್ಟಾಗಿ ತಟ್ಟದು, ಹಾಗಾಗಿ ನಮ್ಮ ಪಾಲಿನ ಸೂಜಿಯೂ ಮೊಲಕ್ಕೇ.) ನಾಳೆ ನಮ್ಮ ಮಗುವಿಗೆ ಕಚ್ಚಿದರೆ ಪಕ್ಕದ ಮನೆಯವರು ಹಿಡಿದುಕೊಟ್ಟ ಜೇಡದ ಮದ್ದು ಬೇಕು; ನಾವು ಮಾತ್ರ ಚಪ್ಪಲಿ ಬೀಸುತ್ತೇವೆ. ಇದ್ಯಾವ ನ್ಯಾಯ?

ಜೇಡ ನಮ್ಮನ್ನು ಹುಡುಕಿಕೊಂಡು ಬಂದದ್ದೂ ಅಲ್ಲ. ಹೆಣ್ಣು ವರ್ಷಗಟ್ಟಲೆ ಒಂದೇ ಬಿಲದಲ್ಲಿದ್ದು, ಬಾಗಿಲಲ್ಲಿ ಕಟ್ಟಿದ ಎಳೆ ಅಲುಗಿದೊಡನೆ ಜಿರಲೆ, ಜೀರುಂಡೆ ಹಿಡಿಯುತ್ತದೆ. ತಾನೂ ಹಕ್ಕಿಗೋ ಹಲ್ಲಿಗೋ ಊಟವಾಗುತ್ತದೆ. ಗಂಡು ಬೇಸಿಗೆಯ ರಾತ್ರಿ ಹೆಣ್ಣನ್ನು ಅರಸಿ ಹೊರಟು ದಾರಿ ತಪ್ಪಿ ನಮ್ಮ ಶೂ ಸೇರುತ್ತದೆ. ಒದ್ದೆ ಮಣ್ಣಿನ ಕಾಡು ಅದರದು. ಅಲ್ಲಿ ಟೈಲ್ಸ್ ಹಾಕಿಸಿದವರು ನಾವು.

ಮುಂದಿನ ಸಲ ಕಂಡರೆ ಮಕ್ಕಳನ್ನು ದೂರ ಕಳಿಸಿ. ಕಾಲು ಮುಚ್ಚುವ ಶೂ ಹಾಕಿಕೊಳ್ಳಿ. ಅಗಲ ಬಾಯಿಯ ಬಾಟಲಿ ಅಡ್ಡ ಮಲಗಿಸಿ, ಉದ್ದ ಹಿಡಿಯ ಸೌಟಿನಿಂದ ಒಳಕ್ಕೆ ತಳ್ಳಿ. ನುಣುಪು ಗಾಜನ್ನು ಅದು ಹತ್ತಲಾರದು. ಸ್ವಲ್ಪ ಹಸಿ ಮಣ್ಣು ಹಾಕಿ ರೆಪ್ಟೈಲ್ ಪಾರ್ಕ್‌ಗೆ ಜೇಡ ಕಳಿಸುವ ಸಂಗ್ರಹ ಕೇಂದ್ರಕ್ಕೆ ಮುಟ್ಟಿಸಿ. ಧೈರ್ಯ ಸಾಲದೇ? ಬಾಗಿಲು ಹಾಕಿ, ಗೊತ್ತಿದ್ದವರನ್ನು ಕರೆಯಿರಿ. ಕಚ್ಚಿಯೇಬಿಟ್ಟರೆ ಕಚ್ಚಿದ ಕೈಗೋ ಕಾಲಿಗೋ ಬಿಗಿಯಾಗಿ ಬ್ಯಾಂಡೇಜ್ ಸುತ್ತಿ, ಅಲುಗಾಡದೆ 000ಕ್ಕೆ ಫೋನ್ ಮಾಡಿ.

ನಮ್ಮನೆಯ ಉಪ್ಪಿನಕಾಯಿ ಬಾಟಲಿ ತೊಳೆದು ಗ್ಯಾರೇಜಿನ ಮೆಟ್ಟಿಲ ಬಳಿ ಇಟ್ಟಿದ್ದೇನೆ. ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದಾಯಿತು.