ಪೊಟ್ಟಣದ ಮೇಲೆ 3200, ಒಳಗೆ ಓಡುವುದು 2133

50 ಕೆಜಿ ಗೊಬ್ಬರದ ಚೀಲಕ್ಕೆ ದುಡ್ಡು ಕೊಟ್ಟು, ಮನೆಗೆ ತಂದು ತೂಗಿದರೆ 33 ಕೆಜಿ ಬಂತು ಅಂದುಕೊಳ್ಳಿ. ಸುಮ್ಮನಿರುತ್ತೀರಾ? ಸೊಸೈಟಿ ಮುಂದೆ ಜಗಳ ತೆಗೆಯುತ್ತೀರಿ, ನಮ್ಮಂಥವರಿಗೆ ಫೋನ್ ಮಾಡಿ ಸುದ್ದಿ ಹಾಕಿ ಅಂತೀರಿ. ಕಂಪ್ಯೂಟರ್ ಅಂಗಡಿಗಳಲ್ಲಿ ಇದೇ ಲೆಕ್ಕದ ಕೊರತೆ ದಿನವೂ ನಡೆಯುತ್ತಿದೆ. ಅಲ್ಲಿ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ, ಯಾಕೆಂದರೆ ತಕ್ಕಡಿ ಎಲ್ಲಿದೆ ಅಂತಲೇ ನಮಗೆ ಗೊತ್ತಿಲ್ಲ.

ನನ್ನದೇ ಕಥೆ ಕೇಳಿ. ಸುದ್ದಿ ವಿಡಿಯೊ ಎಡಿಟ್ ಮಾಡಲು ಜಿಲ್ಲಾ ಕೇಂದ್ರದ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಜೋಡಿಸಿಕೊಂಡೆ. ರೈಜನ್ 5 5600ಜಿ ಪ್ರೊಸೆಸರ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಲು ದುಡ್ಡಿರಲಿಲ್ಲ. ಕಡಿಮೆ ವೇಗದ ರ‍್ಯಾಮ್ ಸಾಕಲ್ವಾ ಅಂದರೆ, ‘ಸ್ಪೀಡ್ ಬೇಕಂದ್ರೆ 3200ನೇ ತಗೊಳ್ಳಿ ಸಾರ್’ ಎಂದು ಹೆಚ್ಚಿಗೆ ವಸೂಲಿ ಮಾಡಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಅದು ಓಡಿದ್ದು 2133ರಲ್ಲಿ. ಅಂದರೆ ಮೂರರಲ್ಲಿ ಎರಡು ಪಾಲು.

ರ‍್ಯಾಮ್ ಕೆಟ್ಟಿರಲಿಲ್ಲ. ರ‍್ಯಾಮ್ ಪಟ್ಟಿಯ ಮೇಲೆ ಒಂದು ಪುಟ್ಟ ಚಿಪ್ ಇರುತ್ತದೆ, ಅದರಲ್ಲಿ ಎರಡು ಬಗೆಯ ಲೆಕ್ಕ ಬರೆದಿರುತ್ತಾರೆ. ಒಂದು, ಯಾವ ಬೋರ್ಡಿನಲ್ಲೂ ತೊಂದರೆಯಿಲ್ಲದೆ ಓಡುವ ಜೆಡೆಕ್ ಮಾನದಂಡದ ವೇಗ. ಇನ್ನೊಂದು, ಪೊಟ್ಟಣದ ಮೇಲೆ ಮೆರೆಯುವ ವೇಗ. ಇದಕ್ಕೆ ಎಕ್ಸ್‌ಎಂಪಿ ಎನ್ನುತ್ತಾರೆ. ಇಂಟೆಲ್ ತಂದ ಪದ್ಧತಿ. ಇಂಥ ಪಟ್ಟಿಗಳಲ್ಲಿ ಎರಡನೆಯದು ತಾನಾಗಿ ಶುರುವಾಗುವುದಿಲ್ಲ, ಬಯೋಸ್‌ಗೆ ಹೋಗಿ ಆನ್ ಮಾಡಬೇಕು. ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಅಂಗಡಿಯವರಿಗೆ ಸಿಗಲಿಲ್ಲ.

‘ಏನೂ ವ್ಯತ್ಯಾಸ ಗೊತ್ತಾಗಲ್ಲ ಬಿಡಿ’ ಎನ್ನುತ್ತಾರೆ. ನುಡಿಯಲ್ಲಿ ಟೈಪ್ ಮಾಡುವವರಿಗೆ, ಅರ್ಜಿ ತುಂಬುವವರಿಗೆ ಗೊತ್ತಾಗುವುದಿಲ್ಲ, ನಿಜ. ಹಾಗಿದ್ದರೆ ಹೆಚ್ಚಿನ ದುಡ್ಡು ಯಾಕೆ ತಗೊಂಡಿರಿ? ನನ್ನಂಥ ಕಾರ್ಡ್ ಇಲ್ಲದ ಯಂತ್ರದಲ್ಲಿ ಚಿತ್ರ ಮೂಡಿಸುವ ಕೆಲಸಕ್ಕೂ ಇದೇ ರ‍್ಯಾಮ್ ಬಳಕೆಯಾಗುತ್ತದೆ. ಏಟು ಬೀಳುವುದು ಕಡಿಮೆ ದುಡ್ಡಿನವನಿಗೇ.

ಅಂಗಡಿಯವರನ್ನಷ್ಟೇ ಬೈದರೆ ಸಾಲದು. 2025ರಲ್ಲಿ ಅಮೆರಿಕದಲ್ಲಿ ಕೋರ್ಸೇರ್ ಕಂಪನಿ ಇದೇ ತಕರಾರಿನ ಮೊಕದ್ದಮೆಯನ್ನು 55 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು, ತಪ್ಪು ಮಾತ್ರ ಒಪ್ಪಿಕೊಳ್ಳಲಿಲ್ಲ. ಇನ್ನೊಂದು ತಮಾಷೆ ನೋಡಿ. ಪ್ರಕಟಿಸಿದ ಮಿತಿ ಮೀರಿ ಓಡಿಸಿದರೆ ವಾರಂಟಿ ಇಲ್ಲ ಎನ್ನುತ್ತದೆ ಎಎಂಡಿ. ನನ್ನ ಪ್ರೊಸೆಸರ್‌ನ ಮಿತಿ 3200, ಹಾಗಾಗಿ ಬಚಾವ್. ಅದಕ್ಕೇ 3600ರ ರ‍್ಯಾಮ್ ಹಾಕಿಸಿಕೊಂಡು ಪೂರ್ತಿ ವೇಗ ಕೇಳಿದವನು ಮಿತಿ ಮೀರಿದವನಾಗುತ್ತಾನೆ. ಮಾರುವಾಗ ಅದು ವೇಗ, ಕೆಟ್ಟಾಗ ಅದು ಗಿರಾಕಿಯ ಅತಿಯಾಸೆ! ಎಚ್310 ಬೋರ್ಡು 2666 ದಾಟುವುದೇ ಇಲ್ಲ. ಅದಕ್ಕೂ 3200ರ ಆಸೆ ತೋರಿಸಿ ಮಾರುವುದಕ್ಕೆ ಏನೆನ್ನಬೇಕು?

ತಕ್ಕಡಿ ಇಲ್ಲಿದೆ: ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಮೆಮೊರಿ. ಸ್ಪೀಡ್ ಎಂದು ಕಾಣುವ ಸಂಖ್ಯೆಯನ್ನು ಬಿಲ್ಲಿನ ಜೊತೆ ಹೋಲಿಸಿ. ಕಡಿಮೆಯಿದ್ದರೆ ಯಂತ್ರ ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಬಯೋಸ್ ತೆರೆಯಿರಿ. ಎಕ್ಸ್‌ಎಂಪಿ ಎಂದಿರುತ್ತದೆ, ಆಸುಸ್‌ನ ಎಎಂಡಿ ಬೋರ್ಡುಗಳಲ್ಲಿ ಡಿಒಸಿಪಿ, ಡಿಡಿಆರ್5 ಇರುವ ಎಎಂಡಿ ಬೋರ್ಡುಗಳಲ್ಲಿ ಎಕ್ಸ್‌ಪೋ. ಆನ್ ಮಾಡಿ ಎಫ್10 ಒತ್ತಿ ಉಳಿಸಿ. ವೋಲ್ಟೇಜ್ ಕೈಯಾರೆ ಮುಟ್ಟಬೇಡಿ. ಪರದೆ ಕಪ್ಪಾಗಿಯೇ ಉಳಿದರೆ ಗಾಬರಿ ಬೇಡ. ಪ್ಲಗ್ ಕಿತ್ತು, ಬೋರ್ಡಿನ ನಾಣ್ಯದಂಥ ಸೆಲ್ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಹಾಕಿದರೆ ಹಳೆಯ ಸ್ಥಿತಿಗೆ ಬರುತ್ತದೆ. ಲ್ಯಾಪ್‌ಟಾಪ್‌ನವರು ಹುಡುಕಬೇಡಿ, ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಇದು ಇರುವುದೇ ಇಲ್ಲ.

ಆ ಸೆಲ್ ಬಗ್ಗೆ ಇನ್ನೊಂದು ಮಾತು. ದಿನಗಟ್ಟಲೆ ಕರೆಂಟ್ ಇಲ್ಲದ ಊರುಗಳಲ್ಲಿ ಅದು ಬೇಗ ಸೋಲುತ್ತದೆ, ಹಲವು ಬೋರ್ಡುಗಳಲ್ಲಿ ಸೆಟ್ಟಿಂಗೂ ಅಳಿಸಿಹೋಗುತ್ತದೆ. ಗಡಿಯಾರ ತಪ್ಪು ತೋರಿಸಿದ ದಿನ ರ‍್ಯಾಮ್ ವೇಗವನ್ನೂ ನೋಡಿ.

ಹೊಸದಾಗಿ ಕೊಳ್ಳುವವರು ಆ ಸಂಖ್ಯೆ ಕಣ್ಣಾರೆ ನೋಡುವವರೆಗೆ ಪೂರ್ತಿ ದುಡ್ಡು ಕೊಡಬೇಡಿ. ಪೆಟ್ರೋಲ್ ಬಂಕ್‌ನಲ್ಲಿ 5 ಲೀಟರ್ ಅಳತೆ ಪಾತ್ರೆ ತರಿಸಿ ಕೇಳುವ ಹಕ್ಕಿದೆಯಲ್ಲ, ಇಲ್ಲಿ ನಾಚಿಕೆ ಯಾಕೆ? ನಾನು ವರ್ಷದ ಮೇಲೆ ಹೋಗಿ ಕೇಳಿದೆ. ‘ಮಾಡಿಕೊಡೋಣ ಸಾರ್, ಯಂತ್ರ ತನ್ನಿ, ಸರ್ವಿಸ್ ಚಾರ್ಜ್ 300 ಆಗುತ್ತೆ’ ಎಂದರು.